ಎಂಬತ್ನಾಲ್ಕು ಗ್ರಾಂ ಕರಿಪುಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬಾಟಲಿಗೆ ಹಲ್ಲುಪುಡಿ ಸುರಿದವನು ನಾನೇ. ನಮ್ಮ ಬ್ಯಾಚಿನವರು ಮದುವೆಮನೆಯಲ್ಲಿ ಸಿಗಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗಲಿ, ಈ ವಿಷಯ ಎತ್ತದೆ ಬಿಡುವುದಿಲ್ಲ. ಪ್ರತಿ ಸಲವೂ ಹಲ್ಲುಪುಡಿಯ ಪ್ರಮಾಣ ಬೆಳೆಯುತ್ತಾ ಹೋಗಿ, ಈಚೆಗೆ ಕೇಳಿದಾಗ ಅರ್ಧ ಸೇರಿಗೆ ಬಂದು ನಿಂತಿತ್ತು. ಅಷ್ಟಿರಲಿಲ್ಲ. ಒಂದು ಹಿಡಿ ಇದ್ದಿರಬಹುದು. ಆದರೆ ಆ ಒಂದು ಹಿಡಿಯಿಂದ ಅಜ್ಜಂಪುರದ ನಮ್ಮ ಜೂನಿಯರ್ ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತು ಮಕ್ಕಳ ಮುಖ ಸುಡಬಹುದಿತ್ತು ಎಂದು ನನಗೆ ತಿಳಿದದ್ದು, ಸುರಿದು ಎರಡು ದಿನವಾದ ಮೇಲೆ.

ನಮ್ಮ ಕೆಮಿಸ್ಟ್ರಿ ಮೇಡಂ ಹೋದ ತಿಂಗಳು ರಿಟೈರಾದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇದನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ, "ಇದನ್ನ ನೀನು ಕಂಡಿದ್ಯಾ, ಕೇಳಿದ್ಯಾ?" ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸುತ್ತಾರೆ.

ಕಡೂರಿನ ಕೊಬ್ಬರಿ ಮಂಡಿಯವರ ಮಗಳು. ತಕ್ಕಡಿ ನೋಡುತ್ತಲೇ ಬೆಳೆದವರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಪಿಯುಸಿ ಓದುವಾಗ ದಿನಾ ಬೆಳಿಗ್ಗೆ ಕಡೂರಿನಿಂದ ಪ್ಯಾಸೆಂಜರ್ ಹತ್ತಿ ಅಜ್ಜಂಪುರಕ್ಕೆ ಬರುತ್ತಿದ್ದರು. ನಾನು ಎದುರು ದಿಕ್ಕಿನ ಶಿವನಿಯಿಂದ. ಅವರ ರೈಲು ತಡವಾದರೂ ಅವರು ತಡವಾಗುತ್ತಿರಲಿಲ್ಲ, ನನ್ನ ರೈಲು ಸರಿಯಾದ ಸಮಯಕ್ಕೆ ಬಂದರೂ ನಾನು ಬರುತ್ತಿರಲಿಲ್ಲ. ಇದು ಹೇಗೆ ಸಾಧ್ಯ ಎಂಬುದು ರಸಾಯನಶಾಸ್ತ್ರಕ್ಕೆ ಸೇರಿದ ಪ್ರಶ್ನೆಯಲ್ಲ.

ಹಣೆಗೆ ವಿಭೂತಿ, ಸೀರೆಯ ಮೇಲೆ ಬಿಳಿ ಕೋಟು. ಕೋಟಿನ ತುಂಬಾ ಹೂವು. ಹುಡುಗರು ಆಸಿಡ್ ಚೆಲ್ಲಿದಲ್ಲೆಲ್ಲ ತೂತು ಬೀಳುತ್ತಿತ್ತಲ್ಲ, ಒಂದೊಂದು ತೂತಿಗೂ ಒಂದೊಂದು ಬಣ್ಣದ ದಾರದಲ್ಲಿ ಹೂ ಕಸೂತಿ ಹಾಕಿ ಮುಚ್ಚುತ್ತಿದ್ದರು. "ಈ ಕೆಂಪು ದಾಸವಾಳ ನೋಡು, ಇದು ಈಗ ಬೀರೂರಿನಲ್ಲಿ ಡಾಕ್ಟ್ರಾಗಿರೋನು ಮಾಡಿದ್ದು," ಎಂದು ತೋರಿಸುತ್ತಿದ್ದರು. ತೋಳಿನ ಮೇಲೆ ಒಂದು ನೀಲಿ ಹೂವು ನನ್ನದು. ಹೊಗಳಿಕೊಳ್ಳುತ್ತಿಲ್ಲ, ಸತ್ಯ ಹೇಳುತ್ತಿದ್ದೇನೆ.

ಕನ್ನಡಕ ಜಾರಿದರೆ ಬೆರಳಿನಿಂದ ಏರಿಸುತ್ತಿರಲಿಲ್ಲ, ಮಣಿಕಟ್ಟಿನಿಂದ ಏರಿಸುತ್ತಿದ್ದರು. ಬೆರಳಿನಲ್ಲಿ ಏನು ಅಂಟಿದೆಯೋ ಯಾರಿಗೆ ಗೊತ್ತು ಎಂದು. ಮಾತು ಕೆಳದನಿಯಲ್ಲಿ ಶುರುವಾಗಿ ಕೊನೆಯ ಪದದಲ್ಲಿ ಗಕ್ಕನೆ ಮೇಲೇರುತ್ತಿತ್ತು, ಬಾವಿಯಿಂದ ಕೊಡ ಎಳೆದ ಹಾಗೆ. ನನಗೆ ಇಷ್ಟು ಸಾಕಾಗಿತ್ತು. ಎರಡೇ ವಾರದಲ್ಲಿ ಅವರ ದನಿ ನನ್ನ ಗಂಟಲಿಗೆ ಬಂದು ಕೂತಿತು. ಪ್ರಿನ್ಸಿಪಾಲರ ಕೆಮ್ಮು, ಶಿವನಿ ಸ್ಟೇಷನ್ ಮಾಸ್ಟರ ಆಕಳಿಕೆ, ನನ್ನಪ್ಪ ನನ್ನ ಮಾರ್ಕ್ಸ್ ಕಾರ್ಡ್ ನೋಡಿ ಬಿಡುವ ನಿಟ್ಟುಸಿರು, ಇವೆಲ್ಲ ಮೊದಲೇ ಇದ್ದವು. ನನ್ನ ಸ್ವಂತ ದನಿಯನ್ನು ಮಾತ್ರ ಯಾರೂ ಅಷ್ಟಾಗಿ ಕೇಳಿರಲಿಲ್ಲ.

ಮೇಡಂಗೆ ಇದ್ದದ್ದು ಒಂದೇ ಮಂತ್ರ: "ಕಂಡಿದ್ದು ಬರಿ." ನನ್ನ ಬೆಂಚಿನ ಜೊತೆಗಾರ ಪರಮೇಶಿ, ಆಮ್ಲಜನಕದ ಬಗ್ಗೆ ರೆಕಾರ್ಡ್ ಪುಸ್ತಕದಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಬರೆದುಕೊಂಡು ಹೋದ.

"ರುಚಿ ಇಲ್ಲ ಅಂತ ಯಾರಪ್ಪಾ ಹೇಳಿದ್ದು?"

"ಪುಸ್ತಕದಲ್ಲೈತೆ ಮೇಡಂ."

"ಪುಸ್ತಕ ಬರೆದೋನು ನೆಕ್ಕಿರ್ತಾನೆ. ನೀನು ನೆಕ್ಕಿದ್ಯಾ?"

ಮೇಡಂ ಅನಿಲ ತುಂಬಿದ ಜಾಡಿಯ ಮುಚ್ಚಳ ಸರಿಸಿ ಅವನ ಮುಖಕ್ಕೆ ಹಿಡಿದರು. ಅವನು ಹೊಸ ಹುಲ್ಲು ಕಂಡ ಕರುವಿನ ಹಾಗೆ ನಾಲಿಗೆ ಚಾಚಿ ನಿಂತ.

"ಏನಾದ್ರೂ ಗೊತ್ತಾಯ್ತಾ?"

"ಏನೂ ಇಲ್ಲ ಮೇಡಂ."

"ಹಾಂ. ಈಗ ಬರಿ."

ಆ ಆಮ್ಲಜನಕ ತಯಾರಿಸುವ ದಿನ ನಮಗೆ ಹಬ್ಬ. ಬಿಳಿ ಉಪ್ಪಿನಂಥದೊಂದನ್ನು ಪ್ರನಾಳದಲ್ಲಿ ಹಾಕಿ ಕಾಯಿಸಬೇಕು. ಬರೀ ಅದನ್ನೇ ಕಾಯಿಸಿದರೆ ಸ್ಪಿರಿಟ್ ಲ್ಯಾಂಪಿನ ಹೊಟ್ಟೆ ಖಾಲಿಯಾಗುವವರೆಗೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಅದಕ್ಕೆ ಒಂದಿಷ್ಟು ಕರಿಪುಡಿ, ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್, ಬೆರೆಸಿದರೆ ಸಾಕು, ನೀರಿನಲ್ಲಿ ಬೋರಲಿಟ್ಟ ಜಾಡಿಯೊಳಗೆ ಗುಳುಗುಳು ಗುಳ್ಳೆ ಏಳುತ್ತಿದ್ದವು. ಜಾಡಿ ತುಂಬಿದ ಮೇಲೆ ಆರುತ್ತಿರುವ ಊದಿನಕಡ್ಡಿಯನ್ನು ಅದರೊಳಗೆ ಇಳಿಸಿದರೆ ಭಗ್ ಎಂದು ಹೊತ್ತಿಕೊಳ್ಳುತ್ತಿತ್ತು. ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು, ಹುಡುಗರು ತಾವೇ ಊದಿ ಹೊತ್ತಿಸಿದವರಂತೆ ಎದೆ ಉಬ್ಬಿಸುತ್ತಿದ್ದರು. ಲ್ಯಾಬೆಲ್ಲ ದೇವರಮನೆಯ ವಾಸನೆ.

ಕರಿಪುಡಿ ಇದರಲ್ಲಿ ಕ್ರಿಯಾವರ್ಧಕ. ಕೆಲಸ ಬೇಗ ಆಗುವ ಹಾಗೆ ಮಾಡುತ್ತದೆ, ತಾನು ಖರ್ಚಾಗುವುದಿಲ್ಲ. ಇದನ್ನು ಮದುವೆ ಕುದುರಿಸುವ ದಲ್ಲಾಳಿಗೆ ಹೋಲಿಸಿ ಪರಮೇಶಿ ಒಮ್ಮೆ ಜಾಣತನ ತೋರಿಸಿದ.

"ದಲ್ಲಾಳಿ ಎರಡೂ ಕಡೆ ಹೋಳಿಗೆ ಉಂಡು ಹೋಗ್ತಾನೆ ಕಣೋ," ಎಂದರು ಮೇಡಂ. "ಅವನ ತೂಕ ಜಾಸ್ತಿ ಆಗಿರ್ತದೆ. ಬೇರೆ ಏನಾದ್ರೂ ಹೇಳು."

ಲ್ಯಾಬು ಶುರುವಾದಾಗ ಒಂದೇ ಒಂದು ಬಾಟಲಿ ಕರಿಪುಡಿ ಬಂದಿತ್ತಂತೆ. ಮತ್ತೆ ಬೇಕೆಂದು ಬರೆದರೆ ಯಾವ ಕಾಲಕ್ಕೆ ಬರುತ್ತದೋ ತಿಳಿಯದು. ಅದಕ್ಕೆ ಮೇಡಂ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಪ್ರಯೋಗ ಮುಗಿದ ಮೇಲೆ ಪ್ರತಿ ಬೆಂಚಿನವರೂ ಪ್ರನಾಳದಲ್ಲಿ ಉಳಿದದ್ದನ್ನು ನೀರಿನಲ್ಲಿ ಕರಗಿಸಬೇಕು. ಉಪ್ಪು ಕರಗಿ ಕರಿಪುಡಿ ತಳಕ್ಕೆ ಕೂರುತ್ತದೆ. ಅದನ್ನು ಸೋಸಿ, ತೊಳೆದು, ಬಿಸಿ ಮರಳಿನ ಮೇಲೆ ಒಣಗಿಸಿ ವಾಪಸು ಕೊಡಬೇಕು. ಮುಂದಿನ ಬ್ಯಾಚಿಗೂ ಅದೇ ಪುಡಿ. "ಇದನ್ನ ನಿಮ್ಮಣ್ಣಂದ್ರೂ ಮುಟ್ಟವ್ರೆ, ನಿಮ್ಮ ತಮ್ಮಂದ್ರೂ ಮುಟ್ಬೇಕು," ಎಂದು ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಚಮಚದಿಂದ ಟಿಣ್ ಟಿಣ್ ಬಡಿದು ಹೇಳುತ್ತಿದ್ದರು.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಎನಾಮಲ್ ಬೇಸಿನ್ ಇಟ್ಟುಕೊಂಡು ಕೂರುತ್ತಿದ್ದರು. "ಕೈ ತೋರ್ಸು." ನಾವು ಎರಡೂ ಅಂಗೈ ಚಾಚಬೇಕು. ಕಪ್ಪಿದ್ದರೆ ಬೇಸಿನ್ನಿನಲ್ಲೇ ತೊಳೆಯಬೇಕು. ಆ ನೀರನ್ನೂ ಸೋಸುತ್ತಿದ್ದರು! ನಲವತ್ತು ಜನರ ಕೈಕೊಳೆಯನ್ನು ಸೋಸುವ ಹೆಂಗಸನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಇಷ್ಟೆಲ್ಲ ಮಾಡಿದರೂ ತೂಕ ಹಾಕಿದಾಗ ಒಂದೋ ಎರಡೋ ಗ್ರಾಂ ಕಡಿಮೆಯೇ. ಬಾಟಲಿಗೆ ಒಂದು ಉದ್ದನೆಯ ಚೀಟಿ ಅಂಟಿಸಿದ್ದರು. ಬ್ಯಾಚು ಬ್ಯಾಚಿಗೂ ತೂಕ, ಪಕ್ಕದಲ್ಲಿ ಕಡಿಮೆಯಾದದ್ದು. ಅದಕ್ಕೆ ಅವರೇ ಇಟ್ಟ ಹೆಸರು "ಕೈಗಂಟು". ಕೈಗೆ ಅಂಟಿಕೊಂಡು ಹೋದದ್ದು. ನಮ್ಮ ಬ್ಯಾಚಿನ ಕೈಗೆ ಬಂದಾಗ ಚೀಟಿಯ ಕೊನೆಯ ಸಾಲು: ಎಂಬತ್ನಾಲ್ಕು ಗ್ರಾಂ, ಕೈಗಂಟು ಎರಡು.

ಇನ್ನು ನನ್ನ ಕಥೆ. ಗುರುವಾರ ನಮ್ಮ ಪ್ರಯೋಗವಾಯಿತು. ಶುಕ್ರವಾರ ಒಣಗಿದ ಪುಡಿಯೆಲ್ಲ ಬಾಟಲಿಗೆ ಸೇರಿತು, ತೂಕ ಹಾಕುವುದು ಶನಿವಾರಕ್ಕೆ ಉಳಿದಿತ್ತು. ಮೇಡಂ ಊಟದ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಹೋದರು. ನಾನು ಸ್ಟೂಲು ಹತ್ತಿದೆ. ಒಂದು ಟವೆಲನ್ನು ಸೆರಗು ಮಾಡಿಕೊಂಡು, ಮಣಿಕಟ್ಟಿನಿಂದ ಇಲ್ಲದ ಕನ್ನಡಕ ಏರಿಸಿ, ಬಾಟಲಿ ಎತ್ತಿ ಹಿಡಿದು, "ಇದನ್ನ ನಿಮ್ಮಣ್ಣಂದ್ರೂ ಮುಟ್ಟವ್ರೆ..." ಎಂದು ಶುರು ಮಾಡಿದೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ನಗು ಕಂಡರೆ ನನಗೆ ನಿಲ್ಲಿಸಲು ಬರುವುದಿಲ್ಲ. "ನಿಮ್ಮ ತಮ್ಮಂದ್ರೂ ಮುಟ್ಬೇಕು" ಎನ್ನುತ್ತಾ ಟಿಣ್ ಎನಿಸಲು ಹೋದೆ. ಮುಚ್ಚಳ ಸಡಿಲವಿತ್ತು, ಬಾಟಲಿ ವಾಲಿತು. ಅಣ್ಣಂದಿರು ಮುಟ್ಟಿದ ಪುಡಿಯಲ್ಲಿ ಕಾಲು ಭಾಗ, ತಮ್ಮಂದಿರು ಮುಟ್ಟುವ ಮೊದಲೇ ನಲ್ಲಿ ಸೋರುತ್ತಿದ್ದ ಸಿಂಕಿಗೆ ಬಿದ್ದು ಹರಿದುಹೋಯಿತು.

ಒಂದು ಕ್ಷಣದಲ್ಲಿ ಲ್ಯಾಬು ಖಾಲಿ. ಗೆಳೆಯರ ಕ್ರಿಯೆಯ ವೇಗ ಹೆಚ್ಚಿಸಲು ಯಾವ ಪುಡಿಯೂ ಬೇಕಾಗುವುದಿಲ್ಲ. ಪರಮೇಶಿ ಮಾತ್ರ ಉಳಿದ.

"ಒಪ್ಕೊಂಡ್ಬಿಡೋ," ಎಂದ.

"ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸ್ಲಿಲ್ಲ ಅಂದ್ರೆ? ನಮ್ಮಪ್ಪ ಆಗ್ಲೇ ಹೇಳವ್ರೆ, ಈ ಸಲ ನಪಾಸಾದ್ರೆ ಸ್ಟೇಷನ್ ಎದುರು ಮಾವನ ಹೋಟ್ಲಲ್ಲಿ ಲೋಟ ತೊಳೆಯೋದೇಯ ಅಂತ."

ಆ ರಾತ್ರಿ ಮನೆಯಲ್ಲಿ ಉಪಾಯ ಹೊಳೆಯಿತು. ಅಜ್ಜಿ ಇದ್ದಿಲು, ಉಪ್ಪು, ಲವಂಗ ಕುಟ್ಟಿ ಮಾಡುತ್ತಿದ್ದ ಹಲ್ಲುಪುಡಿ. ಅದೇ ಕಪ್ಪು, ಅದೇ ನುಣುಪು. ಶನಿವಾರ ಬೆಳಿಗ್ಗೆ ಅಟೆಂಡರ್ ಬಾಗಿಲು ತೆಗೆದು ನೀರು ತರಲು ಹೋದಾಗ ಗಾಜಿನ ಪೆಟ್ಟಿಗೆಯ ತಕ್ಕಡಿಯ ಮುಂದೆ ಕೂತೆ. ಎಷ್ಟಕ್ಕೆ ತುಂಬಿಸಬೇಕು? ಪುಸ್ತಕ ಓದದ ನನಗೂ ಅಷ್ಟು ಗೊತ್ತಿತ್ತು, ಕ್ರಿಯಾವರ್ಧಕ ಖರ್ಚಾಗುವುದಿಲ್ಲ. ಕೊಟ್ಟದ್ದು ಎಂಬತ್ನಾಲ್ಕು, ಆದ್ದರಿಂದ ಬರಬೇಕಾದದ್ದೂ ಎಂಬತ್ನಾಲ್ಕು. ಚಿಟಿಕೆ ಚಿಟಿಕೆ ಹಾಕಿ, ಮೂರು ಸಲ ತೂಗಿ, ಮುಳ್ಳು ನಡುವೆ ನಿಲ್ಲುವವರೆಗೂ ಬಿಡಲಿಲ್ಲ. ಇಡೀ ವರ್ಷದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಮಾಡಿದ ಪ್ರಯೋಗ ಅದೊಂದೇ.

ಸೋಮವಾರ ನಮ್ಮ ತರಗತಿಯ ಉಳಿದರ್ಧ, ಎರಡನೇ ಬ್ಯಾಚಿನವರ ಸರದಿ. ರೈಲಿನಲ್ಲಿ ಕೂತು, ನನ್ನ ಲೆಕ್ಕ ಸರಿಯೋ ಇಲ್ಲವೋ ನೋಡೋಣವೆಂದು, ಆ ವರ್ಷ ಮೊದಲ ಬಾರಿಗೆ ಆ ಪಾಠ ತೆರೆದೆ. ಸರಿಯಾಗೇ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಪುಡಿಯಲ್ಲಿ ಇದ್ದಿಲು ಬೆರೆತಿರದಂತೆ ಎಚ್ಚರ ವಹಿಸತಕ್ಕದ್ದು, ಇಲ್ಲವಾದರೆ ಕಾಯಿಸುವಾಗ ಸಿಡಿದೀತು.

ಮೇಡಂ ಇದನ್ನು ಮೊದಲ ದಿನವೇ ಹೇಳಿದ್ದರಂತೆ. ಎರಡು ಸಲ ಹೇಳಿದ್ದರಂತೆ. ಆಗ ನಾನು ಹಿಂದಿನ ಬೆಂಚಿನಲ್ಲಿ ಅವರ ದನಿ ಕಲಿಯುತ್ತಿದ್ದೆ. ದನಿ ಕಲಿತೆ, ಮಾತು ಕಲಿಯಲಿಲ್ಲ.

ಅಜ್ಜಂಪುರ ಬರುವ ಮುಂಚೆ ಸಿಗ್ನಲ್ ಸಿಗದೆ ರೈಲು ನಿಂತಿತು. ನಿಂತೇ ಇತ್ತು. ನಾನು ಕೆಳಗೆ ಹಾರಿದೆ. ಜಲ್ಲಿಕಲ್ಲಿನ ಮೇಲೆ ಓಡಿದೆ, ಒಂದು ಚಪ್ಪಲಿ ಹಳಿಯ ಪಾಲಾಯಿತು, ಕಿಟಕಿಗಳಿಂದ ಜನ "ಯಾಕ್ಲಾ, ಏನ್ ಕದ್ದೆ?" ಎಂದು ಕೂಗುತ್ತಿದ್ದರು. ಕಾಲೇಜಿನ ಗೇಟಿಗೆ ಬರುವಷ್ಟರಲ್ಲಿ ಹತ್ತೂಕಾಲು. ಕಿಟಕಿಯಲ್ಲಿ ಸಾಲಾಗಿ ಸ್ಪಿರಿಟ್ ಲ್ಯಾಂಪುಗಳು ಉರಿಯುತ್ತಿರುವುದು ಕಂಡಿತು. ಬಾಗಿಲು ಇನ್ನೂ ದೂರ. ಕೂಗಬೇಕು. ನಾನು ಕೂಗಿದರೆ ಆ ಕಾಲೇಜಿನಲ್ಲಿ ಯಾರು ನಂಬುತ್ತಾರೆ? ಗಂಟಲಿನಿಂದ ಹೊರಟದ್ದು ಮೇಡಂ ದನಿ.

"ಲ್ಯಾಂಪ್ ಆರ್ಸೀ! ಯಾರೂ ಏನೂ ಮುಟ್ಬೇಡಿ! ಕೈ ಮೇಲಕ್ಕೆ!"

ಒಳಗೆ ಪಟಪಟನೆ ಲ್ಯಾಂಪುಗಳ ಮೇಲೆ ಮುಚ್ಚಳ ಬಿದ್ದವು. ನಾನು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದು ನೋಡುತ್ತೇನೆ, ಇಪ್ಪತ್ತು ಜನ ಕೈ ಮೇಲೆತ್ತಿ ನಿಂತಿದ್ದಾರೆ. ನಡುವೆ ಮೇಡಂ. ಅವರೂ ತಮ್ಮ ಕೈಯಲ್ಲಿದ್ದ ಲ್ಯಾಂಪನ್ನು ಆರಿಸಿಬಿಟ್ಟಿದ್ದಾರೆ! ಇನ್ನೊಂದು ಕೈ ಅರ್ಧ ಮೇಲಿದೆ. ಎತ್ತಿದ ಕೈಯನ್ನು ಒಮ್ಮೆ ನೋಡಿಕೊಂಡರು. ನನ್ನನ್ನು ನೋಡಿದರು. ಅದೇ ಕೈಯ ಮಣಿಕಟ್ಟಿನಿಂದ ಕನ್ನಡಕ ಏರಿಸಿದರು.

"ನಾನು ಯಾವಾಗಪ್ಪಾ ಹೊರಗೋಗಿದ್ದೆ?"

"ಮೇಡಂ... ಕರಿಪುಡಿ ಕಾಯಿಸ್ಬೇಡಿ... ಅದ್ರಲ್ಲಿ ಹಲ್ಲುಪುಡಿ ಐತೆ. ನಾನೇ ಹಾಕಿದ್ದು. ಇದ್ದಿಲಿಂದು."

"ಯಾರೋ ಕಾಯಿಸ್ತಿರೋದು? ಬೆಂಚ್ ನೋಡು."

ನೋಡಿದೆ. ಒಂದು ಜಾಡಿ ಇಲ್ಲ, ಊದಿನಕಡ್ಡಿ ಇಲ್ಲ. ಎಲ್ಲರ ಮುಂದೂ ಗುರುತು ಹಿಡಿಯಲು ಕೊಟ್ಟ ಬೇರೆ ಬೇರೆ ಲವಣಗಳ ಪೊಟ್ಟಣ. ಮೇಡಂ ಕೋಟಿನ ಜೇಬಿಗೆ ಕೈ ಹಾಕಿ ಆ ಬಾಟಲಿ ಹೊರಗೆ ತೆಗೆದರು.

"ಶನಿವಾರವೇ ಎತ್ತಿಟ್ಕೊಂಡೆ. ಆಕ್ಸಿಜನ್ ಬಿಟ್ಟು ಲವಣ ಕೊಟ್ಟಿದೀನಿ. ನೀನು ಯಾವಾಗ ಬತ್ತೀಯ ಅಂತ ಕಾಯ್ತಿದ್ದೆ."

"ಹೆಂಗೆ ಗೊತ್ತಾಯ್ತು ಮೇಡಂ? ತೂಕ ಸರಿಯಾಗೈತಲ್ಲ. ಎಂಬತ್ನಾಲ್ಕು. ಮೂರು ಸಲ ತೂಗಿದೀನಿ."

"ಅದಕ್ಕೇ ಕಣೋ ಗೊತ್ತಾಗಿದ್ದು! ಚೀಟಿ ನೋಡು. ಇಷ್ಟು ವರ್ಷದಲ್ಲಿ ಒಂದು ಬ್ಯಾಚಾದ್ರೂ ಕೊಟ್ಟಷ್ಟು ವಾಪಸ್ ಕೊಟ್ಟೈತಾ? ಪುಸ್ತಕ ಸುಳ್ಳಲ್ಲ, ಕಾಯಿಸಿದ್ರೆ ಪುಡಿ ಎಲ್ಲೂ ಹೋಗಲ್ಲ. ಆದ್ರೆ ಪುಸ್ತಕಕ್ಕೆ ನಿಮ್ಮ ಕೈ ಗೊತ್ತಿಲ್ಲ." ಬಾಟಲಿಯ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದರು. "ಆಮೇಲೆ ಮೂಸಿ ನೋಡಿದೆ. ಲವಂಗ. ಈ ಕಾಲೇಜಲ್ಲಿ ಬಾಯಿ ತೆಗೆದ್ರೆ ಲವಂಗದ ವಾಸ್ನೆ, ನನ್ನ ಮಾತು, ಎರಡೂ ಒಟ್ಟಿಗೆ ಬರೋದು ಯಾರ್ದು?"

ಇಪ್ಪತ್ತು ಜನ ಇನ್ನೂ ಕೈ ಎತ್ತಿಕೊಂಡೇ ನಕ್ಕರು. ನನಗೆ ನಗು ಬರಲಿಲ್ಲ. ಮಾವನ ಹೋಟೆಲಿನ ಲೋಟಗಳು ಸಾಲುಗಟ್ಟಿ ಕಂಡವು.

"ಪ್ರಿನ್ಸಿಪಾಲ್ರಿಗೆ ಹೇಳ್ತೀರಾ ಮೇಡಂ?"

ನನ್ನ ಒಂಟಿ ಚಪ್ಪಲಿಯನ್ನೂ ರಕ್ತ ಬಂದಿದ್ದ ಹೆಬ್ಬೆರಳನ್ನೂ ನೋಡಿದರು. "ನಡ್ಕೊಂಡು ಬಂದಿದ್ರೆ ಹೇಳ್ತಿದ್ದೆ. ಓಡ್ಬಂದಿದೀಯ. ಕಾಲು ತೊಳ್ಕೊ, ಟಿಂಚರ್ ಹಾಕ್ತೀನಿ. ಆಮೇಲೆ ಇವರೆಲ್ಲರ ಪ್ರನಾಳ ನೀನೇ ತೊಳಿ."

ಪ್ರನಾಳ ತೊಳೆಯುತ್ತಾ ನನಗೆ ಮತ್ತೆ ಹುರುಪು ಬಂತು. ಹಳೇ ಟಾರ್ಚಿನ ಸೆಲ್ಲು ಒಡೆದರೆ ಒಳಗೆ ಕರಿಪುಡಿ ಇರುತ್ತದೆ, ಅದನ್ನೇ ತುಂಬಿಕೊಡುತ್ತೇನೆ ಎಂದೆ.

"ಅದರಲ್ಲೂ ಇದ್ದಿಲಿನ ಜಾತಿದೇ ಬೆರೆಸಿರ್ತಾರೆ ಕಣೋ. ನಿನ್ನ ತಲೆ ಇದ್ದಿಲು ಬಿಟ್ಟು ಬೇರೆ ಕಡೆ ಹೋಗೋದೇ ಇಲ್ವಾ?"

ಆ ಬಾಟಲಿಯನ್ನು ಅವರು ಎಸೆಯಲಿಲ್ಲ. ಕಾಯಿಸದೆ ಮಾಡುವ ಬುರುಗಿನ ಪ್ರಯೋಗವೊಂದಕ್ಕೆ ಎತ್ತಿಟ್ಟು, ಕೆಂಪಕ್ಷರದಲ್ಲಿ "ಕಾಯಿಸಬಾರದು" ಎಂದು ಅಂಟಿಸಿದರು. ಚೀಟಿಯ ಕೊನೆಯಲ್ಲಿ ಬರೆದದ್ದು ಇಷ್ಟು: ಎಂಬತ್ನಾಲ್ಕು. ಕೈಗಂಟು ತಿಳಿದಿಲ್ಲ. ಬಾಯಿಗಂಟು ಹೆಚ್ಚು.

ಮುಂದಿನ ಶನಿವಾರ ಮಧ್ಯಾಹ್ನ ನನ್ನನ್ನು ಕರೆದುಕೊಂಡು ತರೀಕೆರೆಗೆ ಬಸ್ಸಿನಲ್ಲಿ ಹೋದರು. ಅಲ್ಲಿ ಪಾಠ ಮಾಡುತ್ತಿದ್ದ ಅವರ ಗೆಳತಿಯೊಬ್ಬರು ತಮ್ಮ ಲ್ಯಾಬಿನಿಂದ ಇಪ್ಪತ್ತು ಗ್ರಾಂ ಕರಿಪುಡಿ ಕೊಟ್ಟರು, ಒಂದು ಕುಂಕುಮದ ಡಬ್ಬಿಯಲ್ಲಿ. ಬರುವಾಗ ಅದನ್ನು ನನ್ನ ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಳ್ಳಲು ಹೇಳಿದರು. ದಾರಿಯುದ್ದಕ್ಕೂ ನಾನು ಉಸಿರಾಡಲೂ ಹೆದರಿದೆ. ಕಂಡಕ್ಟರ್ ನನ್ನ ಭಕ್ತಿ ನೋಡಿ, "ಏನಮ್ಮಾ ಅದು, ಪ್ರಸಾದವಾ?" ಎಂದ.

"ಹೂಂನಪ್ಪಾ. ಬಾಯಿ ಜಾಸ್ತಿ ಇರೋರ್ಗೆ ಕೊಡೋದು."

ಅವರು ಕಂಡಕ್ಟರನ ಜೊತೆ ಸೇರಿ ನಕ್ಕರು. ಆ ನಗುವನ್ನು ಅನುಕರಿಸಲು ನಾನು ಇವತ್ತಿಗೂ ಪ್ರಯತ್ನಿಸುತ್ತಿದ್ದೇನೆ. ಬರುವುದಿಲ್ಲ.

ನಾನು ನಪಾಸಾಗಲಿಲ್ಲ. ಮಾವನ ಹೋಟೆಲು ಒಬ್ಬ ಸಮರ್ಥ ಲೋಟ ತೊಳೆಯುವವನನ್ನು ಕಳೆದುಕೊಂಡಿತು. ಈಗ ಚೌಳಹಿರಿಯೂರಿನಲ್ಲಿ ಹೈಸ್ಕೂಲು ಮೇಷ್ಟ್ರು, ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ವರ್ಷ ತರಗತಿಯ ಹೊರಗೆ ನಿಂತಿದ್ದಾಗ ಒಳಗೆ ಒಬ್ಬ ಹುಡುಗ ನನ್ನನ್ನು ಅನುಕರಿಸುತ್ತಿದ್ದ. ಕದ್ದು ನೋಡಿದೆ. ಮಣಿಕಟ್ಟಿನಿಂದ ಕನ್ನಡಕ ಏರಿಸುತ್ತಿದ್ದ. "ಕಂಡಿದ್ದು ಬರಿ" ಎನ್ನುವಾಗ ಕೊನೆಗೆ ದನಿ ಗಕ್ಕನೆ ಮೇಲಕ್ಕೆ. ಇದ್ಯಾರನ್ನು ಮಾಡುತ್ತಿದ್ದಾನೆ ಎಂದು ನನಗೇ ಅರೆಗಳಿಗೆ ತಿಳಿಯಲಿಲ್ಲ.

ಹೋದ ತಿಂಗಳ ಬೀಳ್ಕೊಡುಗೆಗೆ ಎಲ್ಲ ಬ್ಯಾಚಿನವರೂ ಬಂದಿದ್ದರು. ದಾಸವಾಳದ ಡಾಕ್ಟರೂ ಬಂದಿದ್ದ. ಮೇಡಂ ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು, ಹಾರದ ಕೆಳಗೆ ಅದೇ ಕೋಟು, ಬಟ್ಟೆಗಿಂತ ಹೂವೇ ಹೆಚ್ಚು. ನನಗೆ ಮಿಮಿಕ್ರಿ ಮಾಡಲು ಹೇಳಿದರು. ಅವರ ಎದುರಿಗೇ ಅವರನ್ನು ಹತ್ತು ನಿಮಿಷ ಮಾಡಿದೆ. ಸ್ಟೂಲು, ಸಿಂಕು, ಹಲ್ಲುಪುಡಿ, ಯಾವುದನ್ನೂ ಬಿಡಲಿಲ್ಲ. ಮೇಡಂ ಕನ್ನಡಕ ತೆಗೆದು ಕೋಟಿನ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕರು. ಅಲ್ಲಿಗೆ ಇಳಿದುಬಂದಿದ್ದರೆ ಚೆನ್ನಾಗಿತ್ತು. ಚಪ್ಪಾಳೆ ಕಂಡು ತಲೆ ತಿರುಗಿ, ಮೇಷ್ಟ್ರ ಗತ್ತಿನಲ್ಲಿ ಒಂದು ಸಮಾರೋಪ ಬಿಗಿದೆ:

"ನಮ್ಮ ಮೇಡಂ ಆ ಕರಿಪುಡಿಯ ಹಾಗೆ! ಇಷ್ಟು ವರ್ಷ, ಇಷ್ಟು ಮಕ್ಕಳನ್ನು ಹೊತ್ತಿಸಿದರೂ ತಾವು ಮಾತ್ರ ಒಂದು ಗ್ರಾಮೂ ಬದಲಾಗದೆ ಹಾಗೇ ಉಳಿದಿದ್ದಾರೆ!"

ಮೇಡಂ ಕೂತಲ್ಲಿಂದಲೇ, ಮೈಕಿಲ್ಲದೆ, ಹಿಂದಿನ ಬೆಂಚಿಗೂ ಕೇಳುವ ಆ ದನಿಯಲ್ಲಿ ಕೇಳಿದರು:

"ತೂಗಿ ನೋಡಿದ್ಯೇನೋ? ಮೊದ್ಲು ಅಲ್ಲಿ ಕೂತಿರೋರ್ಗೆಲ್ಲಾ ಕೈ ತೋರ್ಸಕ್ಕೆ ಹೇಳು."